ಪಾಠಾಂತರ ಮೇಷ್ಟ್ರು

ಯಾವ ಪದವಿ ಕಾಲೇಜಿಗೆ ಹೋದರೂ ಸ್ಟಾಫ್ ರೂಮಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ: ಅಸೈನ್‌ಮೆಂಟನ್ನು ನಿಜವಾಗಿ ಓದುವವರು. ಉಳಿದವರು ಅದನ್ನು ಎಣಿಸುತ್ತಾರೆ, ಕೈಯಲ್ಲಿ ಹಿಡಿದು ದಪ್ಪ ನೋಡುತ್ತಾರೆ, ಕೊನೇ ಪುಟಕ್ಕೊಂದು ಸಹಿ ಜಡಿದು ಬೀರುವಿನ ಮೇಲಕ್ಕೆ ಒಗೆಯುತ್ತಾರೆ. ಇವರು ಮಾತ್ರ ಮೊದಲ ಸಾಲಿನಿಂದ ಶುರುಮಾಡುತ್ತಾರೆ. ಅದೂ ಪಕ್ಕದ ಕುರ್ಚಿಯವರಿಗೆ ಕೇಳುವಂತೆ ಗಟ್ಟಿಯಾಗಿ. (ಈ ಪಕ್ಕದ ಕುರ್ಚಿಯವರ ಮೇಲೆ ಲೇಖಕನಿಗೆ ವಿಶೇಷ ಅನುಕಂಪವಿದೆ. ಕಾರಣವನ್ನು ಓದುಗರು ಊಹಿಸಿಕೊಳ್ಳಬಹುದು.)

ಇಲ್ಲಿ ಹೇಳಹೊರಟಿರುವ ಮೇಷ್ಟ್ರು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಾರೆ. ಎಂ.ಎ.ಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿ ಸಹಪಾಠಿಗಳೆಲ್ಲ ಪರೀಕ್ಷೆಯ ಮರುದಿನವೇ ಮರೆತರೆ, ಇವರಿಗೆ ಅದು ಮೈಗೆ ಹತ್ತಿಬಿಟ್ಟಿತು. ಎರಡು ಹಸ್ತಪ್ರತಿಗಳಲ್ಲಿ ಒಂದೇ ಬಗೆಯ ಸ್ಖಾಲಿತ್ಯ ಕಂಡರೆ ಎರಡಕ್ಕೂ ಮಾತೃಕೆ ಒಂದೇ ಎಂದು ಶಂಕಿಸಬೇಕು. ಹಾಗೆ ಒಂದೊಂದೇ ತಪ್ಪಿನ ಬೆನ್ನು ಹತ್ತಿ ಹೋದರೆ ಪ್ರತಿಗಳ ವಂಶವೃಕ್ಷ ಸಿಗುತ್ತದೆ. ತಾಳೆಗರಿ ಸಂಪಾದಿಸುವ ಯೋಗ ಮೇಷ್ಟ್ರಿಗೆ ಬರಲಿಲ್ಲ. ಬಂದದ್ದು ಬಿ.ಎ. ಎರಡನೇ ವರ್ಷದ ಅಸೈನ್‌ಮೆಂಟು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಆ ಸಲದ ವಿಷಯ ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಸತ್ಯದ ಕಲ್ಪನೆ. ಕಾಪಿ ಹೊಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ರಾಘವಾಂಕ ಹರಿಹರನ ಸೋದರಳಿಯ ಮತ್ತು ಶಿಷ್ಯ ಎಂಬುದು ಪರಂಪರೆಯಿಂದ ಬಂದ ಮಾತು. ಮೊದಲ ಅಸೈನ್‌ಮೆಂಟಿನಲ್ಲಿ ಅದು ತಿರುವುಮುರುವಾಗಿ, ಹರಿಹರನೇ ರಾಘವಾಂಕನ ಸೋದರಳಿಯನಾಗಿದ್ದ. ಆಗಲಿ, ಕೈತಪ್ಪು. ಎರಡನೆಯದರಲ್ಲೂ ಹಾಗೇ. ಐದನೆಯದಕ್ಕೆ ಬರುವ ಹೊತ್ತಿಗೆ ಮೇಷ್ಟ್ರ ಕಣ್ಣು ಮಿನುಗತೊಡಗಿತು. ಮುಂದೊಂದರಲ್ಲಿ ಪದ ಸಾಲಿನ ಕೊನೆಗೆ ಬಂದು ಒಡೆದು ‘ಸೋದರ ಅಳಿಯ’ ಎಂದಾಗಿತ್ತು. ಅದನ್ನು ನೋಡಿ ಬರೆದವಳು ನಡುವೆ ಅಲ್ಪವಿರಾಮ ಇಟ್ಟಿದ್ದಳು. ಅವಳದನ್ನು ನೋಡಿ ಬರೆದವನು ಸ್ವಂತ ಬುದ್ಧಿ ಉಪಯೋಗಿಸುವ ಪೈಕಿ. ‘ಹರಿಹರನು ರಾಘವಾಂಕನಿಗೆ ಸೋದರನೂ ಅಳಿಯನೂ ಆಗಿದ್ದನು’ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿದ್ದ.

ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರು ಖುಷಿಗೆ ಎದ್ದು ನಿಂತರು.

“ನೋಡ್ರೀ, ದಡ್ಡ ಲಿಪಿಕಾರನಿಂದ ಕಾವ್ಯಕ್ಕೆ ಅಪಾಯ ಇಲ್ಲ. ಕಂಡಿದ್ದನ್ನ ಕಂಡ ಹಾಗೆ ಇಳಿಸ್ತಾನೆ. ಜಾಣ ಇದಾನಲ್ಲ, ಅರ್ಥ ಆಗಲಿಲ್ಲ ಅಂತ ತಿದ್ದೋಕೆ ಹೋಗ್ತಾನೆ. ಅವನೇ ಅಪಾಯ!”

ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಪಕ್ಕದ ಮೇಜಿನ ಮೇಲೂ ಹಾಳೆ ಹರಡಿದವು: ಕ ಪ್ರತಿ, ಚ ಪ್ರತಿ, ತ ಪ್ರತಿ. ಒಂದು ಶಾಖೆಯ ಪ್ರತಿಗಳಲ್ಲೆಲ್ಲ ‘ಚಿತ್ರ 2ರಲ್ಲಿ ತೋರಿಸಿರುವಂತೆ’ ಎಂಬ ಸಾಲಿತ್ತು; ಚಿತ್ರ ಯಾರಲ್ಲೂ ಇರಲಿಲ್ಲ. ಷಟ್ಪದಿ ಕಾವ್ಯಕ್ಕೆ ಚಿತ್ರ ಎಲ್ಲಿಂದ ಬಂತು? ಭೂಗೋಳದ ಅಸೈನ್‌ಮೆಂಟಿನಿಂದ ನುಸುಳಿದ ಪ್ರಕ್ಷಿಪ್ತ ಎಂದು ತೀರ್ಮಾನವಾಯಿತು. ಸಂಜೆಯೊಳಗೆ ಮಾತೃಕೆಯೂ ಸಿಕ್ಕಿತು, ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಪಾಸಾಗಿ, ಮದುವೆಯಾಗಿ ಹೋದ ಹುಡುಗಿಯೊಬ್ಬಳ ಬರಹ ಅದು.

ಅಂಕ ಕೊಟ್ಟದ್ದು ತಲೆಮಾರಿನ ಲೆಕ್ಕದಲ್ಲಿ. ಮಾತೃಕೆಯಿಂದ ನೇರವಾಗಿ ಇಳಿಸಿದವರಿಗೆ ಆರು, ಅವರಿಂದ ಇಳಿಸಿದವರಿಗೆ ಐದು, ಹೀಗೆ. “ಸಾರ್, ನಾನು ಅವಳಿಗಿಂತ ನೀಟಾಗಿ ಬರ್ದಿದೀನಿ” ಎಂದು ವಾದಿಸಲು ಬಂದ ಹುಡುಗನಿಗೆ ಲಿಪಿಕಾರನ ಅಂದದ ಅಕ್ಷರದ ಬಗ್ಗೆ ಅರ್ಧ ಗಂಟೆ ಪಾಠ ಸಿಕ್ಕಿತು, ಅಂಕ ಸಿಗಲಿಲ್ಲ. ಆಂತರಿಕ ಅಂಕದಲ್ಲಿ ಯಾರನ್ನೂ ಕೆಡವಬಾರದು ಎನ್ನುವುದು ಕಾಲೇಜುಗಳ ಅಲಿಖಿತ ಸಂವಿಧಾನ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ರಾಜ್ಯದಲ್ಲಿ ಜಾರಿಗೆ ಬಂದಾಗ ನೂರಕ್ಕೆ 40 ಅಂಕ ಕಾಲೇಜಿನ ಕೈಗೇ ಬಂದವು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಅದು 20ಕ್ಕೆ ಇಳಿಯಿತು. ನಲವತ್ತಿದ್ದಾಗ ಮೂವತ್ತೆಂಟು, ಇಪ್ಪತ್ತಾದಾಗ ಹತ್ತೊಂಬತ್ತು ಕೊಟ್ಟು ನೆಮ್ಮದಿಯಾಗಿದ್ದ ಪಕ್ಕದ ಕುರ್ಚಿಯವರ ಕಡೆ ಮೇಷ್ಟ್ರು ನೋಡುವ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.

ಕಾನೂನಿನ ವಿಷಯದಲ್ಲೂ ಅವರದೊಂದು ಕೊರಗಿದೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ಮಾಫಿ, 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, 60ರವರೆಗೆ ಒಂದು ವರ್ಷ ಕಾಯಬೇಕು, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಮೇಷ್ಟ್ರು ಅದರ ಪ್ರತಿ ತರಿಸಿ ಆಸೆಯಿಂದ ಓದಿದರು. ಸತತ ಹದಿನಾಲ್ಕು ಪದದವರೆಗೆ ಕಾಕತಾಳೀಯ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದಿತ್ತು. ಸಂಧಿ ಸಮಾಸ ಗೊತ್ತಿರುವ ಕನ್ನಡಿಗ ಹದಿನಾಲ್ಕು ಪದದಲ್ಲಿ ಒಂದು ಅಧ್ಯಾಯವನ್ನೇ ಎತ್ತಬಲ್ಲ ಎಂದು ಗೊಣಗಿದರು. ಮುಂದೆ ಹೋದರೆ ನಿಜವಾದ ಪೆಟ್ಟು ಕಾದಿತ್ತು. ನಿಯಮ ಅನ್ವಯಿಸುವುದು ಪ್ರಬಂಧ, ಮಹಾಪ್ರಬಂಧ, ಸಂಶೋಧನಾ ಲೇಖನದಂಥವಕ್ಕೆ. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಹೆಸರು ಹಿಡಿದು ಹೊರಗಿಟ್ಟಿದ್ದರು. “ಬೇರಿಗೆ ಹುಳ ಹಿಡಿದಿದೆ, ಇವರು ಹಣ್ಣಿಗೆ ಔಷಧಿ ಹೊಡೀತಿದಾರೆ” ಎಂದದ್ದು ಆವತ್ತೇ.

ಪರೀಕ್ಷಾ ಕೊಠಡಿಯಲ್ಲಿ ಮೇಷ್ಟ್ರು ಅಷ್ಟೇನೂ ಭಯಂಕರರಲ್ಲ. ಚೀಟಿ ಸಿಕ್ಕರೆ ಮೊದಲು ಓದಿ, ‘ಶಟ್ಪದಿ’ ಎಂದಿದ್ದರೆ ‘ಷಟ್ಪದಿ’ ಎಂದು ತಿದ್ದಿ, ಆಮೇಲೆ ಮುಖ್ಯ ಅಧೀಕ್ಷಕರಿಗೆ ಒಪ್ಪಿಸುತ್ತಾರೆ. ಸ್ಕ್ವಾಡ್ ಬಂದಾಗ ಹುಡುಗರಿಗಿಂತ ಹೆಚ್ಚು ಮುದುಡುವವರು ಅವರೇ. 2019ರ ಅಕ್ಟೋಬರಿನಲ್ಲಿ ಹಾವೇರಿಯ ಪದವಿಪೂರ್ವ ಕಾಲೇಜೊಂದು ಮಕ್ಕಳ ತಲೆಗೆ ರಟ್ಟಿನ ಡಬ್ಬ ತೊಡಿಸಿ, ಮುಂದುಗಡೆ ಮಾತ್ರ ಕತ್ತರಿಸಿ, ಪರೀಕ್ಷೆ ಬರೆಸಿದ ಫೋಟೋ ದೇಶವೆಲ್ಲ ಸುತ್ತಿತಲ್ಲ, ಆವತ್ತು ಸ್ಟಾಫ್ ರೂಮಿನಲ್ಲಿ ನಗದೇ ಕೂತವರು ಇವರೊಬ್ಬರೇ. “ಡಬ್ಬ ಹಾಕಬೇಕಾದ್ದು ಪ್ರಶ್ನೆಪತ್ರಿಕೆ ತೆಗೆಯೋರಿಗೆ. ಹೋದ ವರ್ಷದ್ದು ಕಾಣದ ಹಾಗೆ” ಎಂದರು. ಎಲ್ಲರೂ ಟೀ ಕಡೆ ಗಮನ ಹರಿಸಿದರು.

ಆದರೆ 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಅವರ ಶಾಸ್ತ್ರದ ಬುಡಕ್ಕೇ ಕೈಹಾಕಿತು. ಅದು ನಮ್ಮ ತಾಲ್ಲೂಕಿನ ಮೊಬೈಲುಗಳಿಗೆ ಇಳಿದ ಮೇಲೆ ಅಸೈನ್‌ಮೆಂಟುಗಳಲ್ಲಿ ಸೋದರಳಿಯ ಸರಿಯಾದ. ಚಿತ್ರ 2 ಮಾಯವಾಯಿತು. ಪ್ರತಿಯೊಬ್ಬರದೂ ಬೇರೆ ಬೇರೆ ವಾಕ್ಯ, ಎಲ್ಲದರಲ್ಲೂ ಒಂದೇ ಸಪ್ಪೆ ಗಾಂಭೀರ್ಯ. ‘ಹರಿಶ್ಚಂದ್ರನ ಸತ್ಯನಿಷ್ಠೆ ಇಂದಿನ ಸಮಾಜಕ್ಕೂ ಪ್ರಸ್ತುತವಾಗಿದೆ.’ ಮಾತೃಕೆಯೇ ಇಲ್ಲದ ಪ್ರತಿಯ ವಂಶವೃಕ್ಷ ಬರೆಯುವುದು ಹೇಗೆ? ಯಂತ್ರ ಬರೆದದ್ದನ್ನು ಹಿಡಿಯಲು ಚಾಟ್‌ಜಿಪಿಟಿಯ ಕಂಪನಿ ಓಪನ್ಎಐ ತಾನೇ ಮಾಡಿದ್ದ ಸಾಧನವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ತಾನೇ ಹಿಂತೆಗೆದುಕೊಂಡಿತು. ಮೇಷ್ಟ್ರು ಕೆಲವು ತಿಂಗಳು ಮಂಕಾದರು. ಹಳೆಯ ಕಟ್ಟು ಇಳಿಸಿ ‘ಸೋದರನೂ ಅಳಿಯನೂ’ ಓದಿಕೊಳ್ಳುತ್ತಿದ್ದರು. ಆ ಹುಡುಗ ಕದ್ದದ್ದು ನಿಜ, ಆದರೆ ಕದಿಯುವಾಗ ಒಂದು ಗಳಿಗೆ ಯೋಚಿಸಿದ್ದ. ಆ ಯೋಚನೆಗೆ ಅಂಕ ಕೊಡಬೇಕಿತ್ತು ಎಂಬ ಮಾತು ಅವರ ಬಾಯಿಂದ ಬಂದಾಗ ಪಕ್ಕದ ಕುರ್ಚಿಯವರು ಥರ್ಮಾಮೀಟರ್ ಹುಡುಕಿದ್ದುಂಟು.

ಈ ವರ್ಷ ಪ್ರಶ್ನೆಯೇ ಬದಲಾಗಿದೆ. ನಿಮ್ಮೂರಿನಲ್ಲಿ ಸತ್ಯಹರಿಶ್ಚಂದ್ರ ನಾಟಕ ಆಡಿದವರು ಯಾರಾದರೂ ಇದ್ದರೆ ಮಾತಾಡಿಸಿ ಎರಡು ಪುಟ ಬರೆಯಿರಿ. ಬರೆದದ್ದನ್ನು ತಂದು ನನ್ನೆದುರು ಕೂತು ಹೇಳಿ. ಪರಿಣಾಮವಾಗಿ ಪಕ್ಕದ ಕುರ್ಚಿಯಲ್ಲಿ ಈಗ ಯಾವಾಗಲೂ ವಿದ್ಯಾರ್ಥಿಯೊಬ್ಬ ಕೂತಿರುತ್ತಾನೆ, ಕುರ್ಚಿಯವರು ಲೈಬ್ರರಿಗೆ ವಲಸೆ ಹೋಗಿದ್ದಾರೆ. ಕಾಗುಣಿತ ಕೆಟ್ಟಿದೆ. ಅಂಕ ಅಪ್‌ಲೋಡ್ ಮಾಡಲು ಪ್ರಿನ್ಸಿಪಾಲರು ಗಡುವು ಕೊಟ್ಟು, ವಿಸ್ತರಿಸಿ, ಈಗ ಮಾತು ಬಿಟ್ಟಿದ್ದಾರೆ. ಮೇಷ್ಟ್ರ ಮುಖದಲ್ಲಿ ಮಾತ್ರ ಹಳೆಯ ಮಿನುಗು.

ಮೊನ್ನೆಯಂತೂ ನಿಧಿಯೇ ಸಿಕ್ಕಿತು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಬೇರೆ ಬೇರೆ ಹಳ್ಳಿ. ಇಬ್ಬರೂ ಸಂದರ್ಶಿಸಿದ ಅಜ್ಜ ಒಬ್ಬನೇ. ಕಳ್ಳತನ ಹಿಡಿದೆನೆಂದು ಮೇಷ್ಟ್ರು ಇಬ್ಬರನ್ನೂ ಕರೆಸಿದರೆ, ಅವರು ನಿಜವಾಗಿಯೂ ಅತ್ತೆ-ಮಾವನ ಮಕ್ಕಳು, ಒಬ್ಬನೇ ಅಜ್ಜನ ಮೊಮ್ಮಕ್ಕಳು. ತೊಡಕು ಅಲ್ಲಿಗೆ ಮುಗಿಯಲಿಲ್ಲ. ಹುಡುಗನ ಪ್ರತಿಯಲ್ಲಿ ಅಜ್ಜ ಹರಿಶ್ಚಂದ್ರನ ಪಾತ್ರ ಮಾಡಿದ್ದ, ಹುಡುಗಿಯ ಪ್ರತಿಯಲ್ಲಿ ವೀರಬಾಹುವಿನದು. ಪಾಠಾಂತರ!

“ಮೂಲಕ್ಕೇ ಹೋಗಬೇಕು ಕಣ್ರೀ” ಎಂದು ಲೈಬ್ರರಿಯವರೆಗೆ ಹುಡುಕಿಕೊಂಡು ಬಂದ ಮೇಷ್ಟ್ರು ಪಕ್ಕದ ಕುರ್ಚಿಯವರ ಎದುರು ನಿಂತರು. “ಭಾನುವಾರ ನಿಮ್ಮ ಸ್ಕೂಟರ್ ಬಿಡುವಾಗಿದೆಯಾ? ಪೆಟ್ರೋಲ್ ನಾನು ಹಾಕಿಸ್ತೀನಿ. ಓಡಿಸೋದು ಮಾತ್ರ ನೀವೇ, ನಂಗೆ ಬರಲ್ಲ.”