ಗಾಳಿಮಾತು

ಹಾಯಿದೋಣಿಯ ಹುಚ್ಚು ಹಿಡಿದವರ ಫೋನಿನಲ್ಲಿ ಹವಾಮಾನದ ಆ್ಯಪ್‌ಗಳದ್ದೇ ಸಂತೆ. ಗಾಳಿಯ ವೇಗ ಯುರೋಪಿನ ಹವಾಮಾನ ಮಾದರಿ ‘8 ನಾಟ್’ ಎಂದರೆ ಅಮೆರಿಕದ ಜಿಎಫ್‌ಎಸ್ ‘15’ ಅನ್ನುತ್ತದೆ. ಜಾತಕ ಕೂಡಿಬರುವ ತನಕ ಜೋಯಿಸರನ್ನು ಬದಲಾಯಿಸುವವರಂತೆ, ಬೇಕಾದ ಅಂಕಿ ಸಿಗುವವರೆಗೆ ಬೆರಳಾಡಿಸುವುದೇ ಕೆಲಸ. ಇನ್ನು ಕಾರವಾರದಲ್ಲಿ ಅಲೆ ಎಷ್ಟೆತ್ತರ ಏಳುತ್ತದೆಂದು ಹೇಳುವ ಇನ್‌ಕಾಯ್ಸ್ ಸಂಸ್ಥೆ ಇರುವುದೋ ಹೈದರಾಬಾದಿನಲ್ಲಿ! ನಗಬೇಡಿ, ಉಪಗ್ರಹಕ್ಕೆ ಕಡಲತಡಿಯ ಮನೆಯೇ ಬೇಕೆಂದಿಲ್ಲ.

ತಕರಾರೆಲ್ಲ ದಡದ ಹತ್ತಿರದ್ದು. ಜಾಗತಿಕ ಮಾದರಿಗಳ ಒಂದೊಂದು ಚೌಕವೂ ಸುಮಾರು 10 ಕಿಲೋಮೀಟರ್. ಗುಡ್ಡ, ಕೊಲ್ಲಿ, ದ್ವೀಪ ಎಲ್ಲಕ್ಕೂ ಸೇರಿ ಒಂದೇ ಅಂಕಿ. ನೆಲ ಕಾದ ಮೇಲೆ ಮಧ್ಯಾಹ್ನ ನುಗ್ಗುವ ಕಡಲಗಾಳಿಯ ತುಂಟಾಟ ಅದಕ್ಕೆಲ್ಲಿ ಸಿಕ್ಕೀತು?

ಕೊನೆಗೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನುದೋಣಿ ನಡೆಸುವ ತಾಂಡೇಲರೇ ಗತಿ. ‘ನಾಳೆ ಗಾಳಿ ಹೇಗೆ, ತಾಂಡೇಲರೇ?’ ಅಂದರೆ ಅವರು ಬೀಡಿ ಹಚ್ಚಿ, ಹೊಗೆ ಹೋದ ದಿಕ್ಕನ್ನು ಗಂಭೀರವಾಗಿ ನೋಡುತ್ತಾರೆ.

‘ನಾಳೆ ಸಂಜೆ ಬನ್ನಿ, ಸರಿಯಾಗಿ ಹೇಳ್ತೇನೆ.’