ಹೇಸರಗತ್ತೆಗೆ ಎರಡು ಗಾಲಿ: ಶಿಕಾರಿಪುರ–ಸೊರಬ ಸೀಮೆಯ ಹೈಬ್ರಿಡ್ ಸೈಕಲ್ ಮೀಮಾಂಸೆ

‘ಹೈಬ್ರಿಡ್’ ಎಂಬ ಶಬ್ದ ಶಿಕಾರಿಪುರ ಸೀಮೆಗೆ ಸೈಕಲ್ ಹತ್ತಿ ಬಂದದ್ದಲ್ಲ, ಮೆಕ್ಕೆಜೋಳದ ಬೀಜದ ಚೀಲದಲ್ಲಿ ಬಂದದ್ದು. ಸೈಕಲ್ ಕಂಪನಿಗಳ ಕೈಪಿಡಿಗಳು ಈ ಐತಿಹಾಸಿಕ ಸತ್ಯವನ್ನು ಕಡೆಗಣಿಸಿದ್ದರಿಂದಲೇ ನಮ್ಮ ಕಡೆಯ ಓದುಗರ ಮನಸ್ಸು ಗೆದ್ದಿಲ್ಲ ಎಂಬುದು ಪ್ರಬಂಧಕಾರನ ವಿನಮ್ರ ಅಭಿಪ್ರಾಯ. ಟಾರು ರಸ್ತೆಗೂ ಕಾಡುದಾರಿಗೂ ಒಂದೇ ಸೈಕಲ್ ಸಾಕು, ಅದಕ್ಕೆ ಹೈಬ್ರಿಡ್ ಅನ್ನುತ್ತಾರೆ ಎಂದು ನಾನು ಮನೆಯಲ್ಲಿ ವಿಷಯ ಮಂಡಿಸಿದಾಗ, ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ದು ಇಷ್ಟೇ: “ಬೀಜ ಇಟ್ಕಳಾಕ್ ಬರ್ತತೇನೋ?”

ತಮಾಷೆಗೆ ಕೇಳಿದ್ದಲ್ಲ. ಹೈಬ್ರಿಡ್ ಜೋಳದ ಕಾಳನ್ನೇ ಮರುವರ್ಷ ಬಿತ್ತಿದರೆ ಗುಣ ಒಡೆದು ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ ಬರುತ್ತದೆ. ಹೀಗಾಗಿ ವರ್ಷವರ್ಷ ಅಂಗಡಿಗೇ ಹೋಗಬೇಕು. ಹೈಬ್ರಿಡ್ ಟೊಮೆಟೊಗೆ ಹುಳಿ ಇಲ್ಲ, ಹೈಬ್ರಿಡ್ ಹಸುವಿಗೆ ಬಿಸಿಲು ಆಗದು. ಈ ಪ್ರಮಾಣಗಳ ಬಲದಿಂದ ದೊಡ್ಡಪ್ಪ ಸಮಸ್ತ ಚರಾಚರವನ್ನು ನಾಟಿ, ಹೈಬ್ರಿಡ್ ಎಂದು ಎರಡೇ ವರ್ಗಕ್ಕೆ ಇಳಿಸಿದ್ದಾರೆ. ರಾಡ್ ಬ್ರೇಕಿನ, ಮುಂದೆ 44 ಹಿಂದೆ 18 ಹಲ್ಲಿನ, ಗೇರು ಎಂದರೆ ಗೇರುಬೀಜ ಎಂದೇ ನಂಬಿ ಬಾಳಿದ ಕರಿ ಸೈಕಲ್ಲು ನಾಟಿ. ಉಳಿದದ್ದೆಲ್ಲ ಹೈಬ್ರಿಡ್, ಅಂದರೆ ಹುಳಿ ಇಲ್ಲದ್ದು.

ಶಬ್ದನಿಷ್ಪತ್ತಿಯ ಕಡೆಯಿಂದ ನೋಡಿದರೆ ಈ ತಿರಸ್ಕಾರ ನಿಲ್ಲುವುದಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ ಬೆರಕೆಗೆ ಕನ್ನಡದಲ್ಲಿ ಹೇಸರಗತ್ತೆ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಅದು ವೇಸರ. ನಾಗರ, ದ್ರಾವಿಡ ಎರಡೂ ಬೆರೆತ ಗುಡಿಯ ಶೈಲಿಗೂ ವೇಸರ ಎಂದೇ ಹೆಸರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರನಾಗಲಿ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರನಾಗಲಿ ಎಂಟೊಂಬತ್ತು ನೂರು ವರ್ಷದಿಂದ ಅಂಥ ಬೆರಕೆ ಕಟ್ಟಡದಲ್ಲೇ ಕೂತಿದ್ದಾರೆ, ಗುಣ ಒಡೆದಿಲ್ಲ. ಕತ್ತೆಯ ಹೆಸರಿನ ಶೈಲಿಯಲ್ಲಿ ದೇವರನ್ನೇ ಕೂರಿಸಿದ ಸೀಮೆಗೆ ಸೈಕಲ್ ಸವಾರನನ್ನು ಕೂರಿಸುವುದು ಎಷ್ಟರ ಮಾತು?

ಆದರೂ ಪೂರ್ವಸೂರಿಗಳಿಂದ ನೇರ ಸಹಾಯ ಸಿಗುವುದಿಲ್ಲವೆಂದು ಖೇದದಿಂದ ಹೇಳಬೇಕಾಗಿದೆ. ಬಳ್ಳಿಗಾವಿಯ ಕೋಡಿಯಮಠದಲ್ಲಿ ಏನೇನು ಓದಿಸುತ್ತಿದ್ದರು ಎಂಬುದನ್ನು 1162ರ ಶಾಸನ ಬಿಡಿಸಿ ಹೇಳುತ್ತದೆ: ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು, ಪುರಾಣ, ಕಾವ್ಯ, ನಾಟಕ. ಹಸಿದವರಿಗೆ ಊಟ, ರೋಗಿಗಳಿಗೆ ಮದ್ದು ಸಹ ಅಲ್ಲಿತ್ತು. ಪಂಕ್ಚರ್ ವಿಷಯಕ್ಕೆ ಮಾತ್ರ ಶಾಸನ ಮೌನ.

ಅದಕ್ಕಿಂತ ಹಿಂದಿನ, ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೆಚ್ಚು ಉಪಯುಕ್ತ. ಐದನೆಯ ಶತಮಾನದಲ್ಲಿ ಕುಬ್ಜ ಕವಿ ಬರೆದ ಈ ಶಾಸನದ ಪ್ರಕಾರ, ನಮ್ಮ ಊರಿನ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲಿಕ್ಕೆಂದು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನೊಡನೆ ಜಗಳವಾಡಿಕೊಂಡ. ಸಿಟ್ಟಿಗೆದ್ದು ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ವಿದ್ವಾಂಸರು ಇದನ್ನು ರಾಜಕೀಯ ಇತಿಹಾಸವೆಂದು ಓದಿದ್ದಾರೆ. ಪ್ರಬಂಧಕಾರನಿಗೆ ಇದು ನಮ್ಮ ತಾಲ್ಲೂಕಿನವನೊಬ್ಬ ಭಾಗಿಯಾದ ಮೊದಲ ಸಂಚಾರ ತಕರಾರು. ಜಗಳ ಯಾಕಾಯಿತೆಂದು ಕುಬ್ಜ ಬಿಡಿಸಿ ಬರೆದಿಲ್ಲ. ಸವಾರ ಬೆಲ್ ಹೊಡೆಯದೆ ಮೈಮೇಲೆ ಬಂದಿರಬೇಕು. ಶರ್ಮ ವರ್ಮನಾದ್ದರಲ್ಲಿ, ಒಂದೇ ಫ್ರೇಮಿನಲ್ಲಿ ಎರಡು ಉಪಯೋಗ ಎಂಬ ಹೈಬ್ರಿಡ್ ತತ್ವದ ಬೀಜವೂ ಅಡಗಿದೆ. (ಈ ಬೀಜವನ್ನು ಇಟ್ಟುಕೊಳ್ಳಲು ಬರುತ್ತದೆ ಎಂದು ದೊಡ್ಡಪ್ಪನ ಗಮನಕ್ಕೆ ತರಲಾಯಿತು. ಅವರು ಎಲೆ ಉಗುಳಲು ಹೊರಗೆ ಹೋದರು.)

ಇನ್ನು ದಾರಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ನಲವತ್ತು ಕಿಲೋಮೀಟರಿನ ಆಸುಪಾಸು ಟಾರು ಇದೆ. ಆದರೆ ಟಾರು ಇರುವುದು ಬಸ್ಸಿಗೆ, ಮನೆಗಳಿರುವುದು ಒಳಗೆ. ಮಲೆನಾಡೂ ಅಲ್ಲದ, ಬಯಲೂ ಅಲ್ಲದ ಈ ಅರೆಮಲೆನಾಡಿನಲ್ಲಿ ಟಾರು ಬಿಟ್ಟು ಇಳಿದರೆ ಮೊದಲು ಕೇರಿಯ ಕಾಂಕ್ರೀಟು, ಆಮೇಲೆ ಎಂದೋ ಚೆಲ್ಲಿ ಮರೆತ ಜಲ್ಲಿ, ಆಮೇಲೆ ಕೆಮ್ಮಣ್ಣು, ಕೆರೆ ಏರಿ, ಗಾಡಿಜಾಡು, ಕೊನೆಗೆ ಸೊರಬದ ಕಡೆ ಕಾನು, ಅಂದರೆ ದಟ್ಟ ಕಾಡು. ಈ ಕಾನುಗಳ ಮೇಲೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ವರದಿ ಬರೆದಿದ್ದಾರೆ. ಅಲ್ಲಿ ತರಗೆಲೆ, ಅದರಡಿ ಬೇರು, ಮಳೆಗಾಲದಲ್ಲಿ ಇಂಬಳ. ಟಾರಾದರೂ ನಂಬಿಕೆಗೆ ಅರ್ಹವೇ? ಕೊಯ್ಲಿನ ತಿಂಗಳುಗಳಲ್ಲಿ ಅದರ ಅರ್ಧ ಅಗಲಕ್ಕೆ ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ. ನುಣುಪು ಟೈರಿನಲ್ಲಿ ಒಣಜೋಳದ ಮೇಲೆ ಬ್ರೇಕ್ ಹಿಡಿದವನಿಗೆ ಬೇರಿಂಗ್ ಗುಂಡುಗಳ ಮೇಲೆ ನಡೆದ ಅನುಭವವಾಗುತ್ತದೆ. ಕಾಡುದಾರಿಯ ಟೈರ್ ಎಂದು ಕಂಪನಿಯವರು ಏನೇನೋ ಹೇಳುತ್ತಾರೆ. ಅದು ಜೋಳದ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ಒಬ್ಬರೂ ಬರೆದಿಲ್ಲ.

ಇಲ್ಲಿ ಎರಡು ಪೂರ್ವಪಕ್ಷಗಳಿವೆ. ರೋಡ್ ಸೈಕಲ್ ಪಂಥದವರು 25ರಿಂದ 28 ಮಿಲಿಮೀಟರಿನ ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿ, ವೇಗವೇ ಮೋಕ್ಷ ಎನ್ನುತ್ತಾರೆ. ಜಲ್ಲಿ ಬಂದ ಕೂಡಲೇ ಇಳಿದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ವೈರಾಗ್ಯ ತಾಳುತ್ತಾರೆ. ಎಂಟಿಬಿ, ಅಂದರೆ ಗುಡ್ಡ ಹತ್ತುವ ಸೈಕಲ್ಲಿನ ಪಂಥದವರು ಎರಡು ಇಂಚು ಮೀರಿದ ಗುಬಟು ಟೈರು, ಮುಂದೆ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಬೆವತು ಗಂಜಿಯಾಗಿರುತ್ತಾರೆ. ಅಗ್ಗದ ಶಾಕ್ ಅಬ್ಸಾರ್ಬರ್ ತೂಕ ಹೊರಿಸುತ್ತದೆ, ನಾವು ತುಳಿದ ಶಕ್ತಿಯಲ್ಲಿ ತಾನೂ ಒಂದಿಷ್ಟು ಕುಣಿಯುತ್ತದೆ. ಸಿದ್ಧಾಂತ ಏನೆಂದರೆ: ಮುಂದೆ ಗಟ್ಟಿ ಫೋರ್ಕು, 40 ಮಿಲಿಮೀಟರಿನ ಆಸುಪಾಸು ಟೈರು, ಕೆಮ್ಮಣ್ಣಿಗೆ ಇಳಿಯುವಾಗ ಗಾಳಿ ಸ್ವಲ್ಪ ಕಡಿಮೆ. ಗಾಳಿಗಿಂತ ಒಳ್ಳೆಯ ಶಾಕ್ ಅಬ್ಸಾರ್ಬರ್ ಇಲ್ಲ, ಅದೂ ಪುಕ್ಕಟೆ. ಬ್ರೇಕು ಡಿಸ್ಕಿನದೇ ಇರಲಿ. ಮುಂಗಾರಿನ ಕೆಂಪು ರಾಡಿ ರಿಮ್ಮಿಗೂ ಬ್ರೇಕ್ ರಬ್ಬರಿಗೂ ನಡುವೆ ಹೊಕ್ಕರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಫ್ರೇಮಿನ ಅಳತೆಗೆ ಅಂಗಡಿಯಲ್ಲೇ ಕಾಲು ಅಗಲಿಸಿ ನಿಂತು ನೋಡಬೇಕು. ನಾಚಿಕೊಂಡವರು ಆಮೇಲೆ ಜೀವಮಾನವಿಡೀ ನರಳುತ್ತಾರೆ.

ಇಷ್ಟನ್ನು ಯಾವ ಅಂಗಡಿಯವನಾದರೂ ಹೇಳಿಯಾನು. ಅವರು ಹೇಳದ್ದು ಟೈರು, ವಾಲ್ವುಗಳ ವಿಷಯ. ನಾಟಿ ಸೈಕಲ್ಲಿನ ಗಾಲಿಗೂ 28 ಅನ್ನುತ್ತಾರೆ, ಹೈಬ್ರಿಡ್ಡಿನ ಗಾಲಿಗೂ 28 ಅನ್ನುತ್ತಾರೆ. ಹೆಸರು ಒಂದೇ, ಕುಲ ಬೇರೆ. ನಾಟಿಯದ್ದು ಟೈರು ಕೂರುವ ಜಾಗದಲ್ಲಿ 635 ಮಿಲಿಮೀಟರ್, ಹೈಬ್ರಿಡ್ಡಿನದು 622. ಹದಿಮೂರೇ ಮಿಲಿಮೀಟರ್ ಎಂದು ಅಸಡ್ಡೆ ಮಾಡಬೇಡಿ. ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಒಂದು ಮಧ್ಯಾಹ್ನವೆಲ್ಲ ನಾನೂ ಸೈಕಲ್ ಅಂಗಡಿಯ ಅಣ್ಣನೂ ಎರಡು ಟೈರ್ ಲಿವರ್, ಒಂದು ಸೌಟು ಹಿಡಿದು ಅದನ್ನು ಜಯಿಸಲು ಯತ್ನಿಸಿ ಸೋತಿದ್ದೇವೆ. ಇನ್ನು ವಾಲ್ವು. ಕೆಲವು ಹೈಬ್ರಿಡ್ಡುಗಳಿಗೆ ಪ್ರೆಸ್ಟಾ ಎಂಬ ಕಡ್ಡಿಯಂಥ ವಾಲ್ವು ಇರುತ್ತದೆ. ಅಣ್ಣ ಅದನ್ನು ಬೆರಳಲ್ಲಿ ಹಿಡಿದು, ಊದಿ, ಬೆಳಕಿಗೆ ಒಡ್ಡಿ, “ಇದುಕ್ಕೆ ವಾಲ್‌ಟ್ಯೂಬ್ ಎಲ್ಲೈತಿ?” ಎಂದರು. ಇಲ್ಲ ಎಂದೆ. ವಾಲ್‌ಟ್ಯೂಬ್ ಇಲ್ಲದ ಸೈಕಲ್ ಇದೆ ಎನ್ನುವವನನ್ನು ಅವರು ದೇವರಿಲ್ಲ ಎನ್ನುವವನನ್ನು ನೋಡುವ ಹಾಗೆ ನೋಡಿದರು. ಆದ್ದರಿಂದ ಬೈಕು, ಕಾರಿಗೆ ಇರುವ ಶ್ರೇಡರ್ ವಾಲ್ವಿನದೇ ಕೊಳ್ಳಿ. ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ಸಿಗುತ್ತದೆ.

ರಾಜಕೀಯ ಇತಿಹಾಸವನ್ನು ಬಿಟ್ಟರೆ ಪ್ರಬಂಧ ಅಪೂರ್ಣ. ಸೈಕಲ್ಲನ್ನು ಈ ಎರಡು ತಾಲ್ಲೂಕುಗಳಷ್ಟು ಗಂಭೀರವಾಗಿ ತೆಗೆದುಕೊಂಡ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಕುಬಟೂರಿನ ಬಂಗಾರಪ್ಪನವರು 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಗುರುತಿನಿಂದ ಶಿವಮೊಗ್ಗ ಲೋಕಸಭಾ ಕ್ಷೇತ್ರ ಗೆದ್ದರು. ಶಿಕಾರಿಪುರದ ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಹಣಕಾಸು ನೋಡಿಕೊಳ್ಳುತ್ತಿದ್ದಾಗ, 2006–07ರಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. 2008ರಲ್ಲಿ ಇಬ್ಬರೂ ಶಿಕಾರಿಪುರದಲ್ಲಿ ಎದುರೆದುರು ನಿಂತರು: ಸೈಕಲ್ ಗುರುತಿನವರು ಒಂದು ಕಡೆ, ಸೈಕಲ್ ಕೊಟ್ಟವರು ಇನ್ನೊಂದು ಕಡೆ. ಕೊಟ್ಟವರು ಗೆದ್ದರು. ಚಿತ್ರಕ್ಕಿಂತ ವಸ್ತು ಬಲವತ್ತರ ಎಂಬ ಮೀಮಾಂಸಾ ನ್ಯಾಯ ಇಲ್ಲಿ ಸಿದ್ಧವಾಯಿತೆಂದು ಹೇಳಬಹುದು, ಇತರ ಕಾರಣಗಳನ್ನು ರಾಜ್ಯಶಾಸ್ತ್ರದವರು ನೋಡಿಕೊಳ್ಳಲಿ.

ಆ ಎಂಟನೇ ಕ್ಲಾಸಿನ ಸೈಕಲ್ಲನ್ನು ಯಾರೂ ಹೈಬ್ರಿಡ್ ಎನ್ನಲಿಲ್ಲ. ಅದು ಟಾರಿನಲ್ಲಿ ಓಡಿತು, ಕೆರೆ ಏರಿಯಲ್ಲಿ ಓಡಿತು, ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಹತ್ತು ಗಂಟೆಗೆ ಸ್ಕೂಲಿಗೆ ಹುಡುಗಿ, ಸಂಜೆ ಹುಲ್ಲಿನ ಹೊರೆ ಹೊತ್ತಿತು. ಅಡ್ಡ ಪೈಪಿಲ್ಲದ ಹುಡುಗಿಯರ ಸೈಕಲ್ಲನ್ನು ಪಂಚೆ ಉಟ್ಟ ಅಜ್ಜಂದಿರು ಕದ್ದು ಹತ್ತುವುದನ್ನು ನಾನೇ ನೋಡಿದ್ದೇನೆ. ಕೋವಿಡ್ ಬಂದ ಮೇಲೆ ಯೋಜನೆ ನಿಂತಿತು. ಹಳೇ ಸೈಕಲ್ಲುಗಳು ಇನ್ನೂ ಕೊಟ್ಟಿಗೆಗಳಲ್ಲಿ ಇವೆ. ಕ್ಯಾರಿಯರ್ ಮೇಲೆ ಕೋಳಿ ಮಲಗುತ್ತದೆ.

ಕ್ಷೇತ್ರಕಾರ್ಯದ ಫಲಿತಾಂಶ ಹೀಗಿದೆ. ನಾನು ಕೊಂಡ ಹೈಬ್ರಿಡ್, 21 ಗೇರಿನದು, ಮನೆಗೆ ಬಂದ ದಿನ ಅಡಿಕೆ ತೂಗುವ ತಕ್ಕಡಿಯಲ್ಲಿ 14 ಕಿಲೋ ಇತ್ತು. ಸ್ಟ್ಯಾಂಡ್ ಇಲ್ಲದ್ದನ್ನು ಗೋಡೆಗೆ ಒರಗಿಸಬೇಕು, ಗೋಡೆಗೆ ಹೋದ ತಿಂಗಳು ಬಣ್ಣ ಹೊಡೆಸಿದ್ದು ಎಂದು ದೊಡ್ಡಮ್ಮ ಸ್ಟ್ಯಾಂಡ್ ಹಾಕಿಸಿದರು. ಬೆನ್ನಿಗೆ ರಾಡಿ ಸಿಡಿಯುತ್ತದೆ ಎಂದು ಮಡ್‌ಗಾರ್ಡು, ಎಮ್ಮೆ ದಾರಿ ಬಿಡುವುದಿಲ್ಲ ಎಂದು ಬೆಲ್ಲು. ಕ್ಯಾರಿಯರ್‌ಗೆ ಫ್ರೇಮಿನಲ್ಲಿ ತೂತೇ ಇರಲಿಲ್ಲ. ಅಣ್ಣ ಪಟ್ಟಿ ಬಾಗಿಸಿ, ಬೋಲ್ಟು ಬಿಗಿದು, ಸೈಕಲ್ ಟ್ಯೂಬಿನಿಂದ ಕಟ್ಟಿ ಕೂರಿಸಿದರು. ಮತ್ತೆ ತೂಗಿದಾಗ 19 ಕಿಲೋ. ದೊಡ್ಡಪ್ಪ ತಕ್ಕಡಿಯ ಮುಳ್ಳನ್ನೂ ಸೈಕಲ್ಲನ್ನೂ ಎರಡು ಸಲ ನೋಡಿ, “ಈಗ ನಾಟಿ ಆತು” ಎಂದು, ಅರ್ಧ ಚೀಲ ಜೋಳ ಹೇರಿಕೊಂಡು ಗಿರಣಿಗೆ ಹೋದರು. ಮೊದಲನೇ ಗೇರಿನಲ್ಲಿ, ಏರಿಯ ಮೇಲೆ, ಇಳಿಯದೆ.

ಅಂದಿನಿಂದ ಪ್ರಮುಖ ಆಕರ ಸಾಮಗ್ರಿ ಪ್ರಬಂಧಕಾರನ ಕೈಗೆ ಸಿಕ್ಕಿಲ್ಲವಾದ್ದರಿಂದ ಹೆಚ್ಚಿನ ಸಂಶೋಧನೆ ಸ್ಥಗಿತಗೊಂಡಿದೆ.