ಮೆಟ್ಟಿಲೇಣಿ ಮೀಮಾಂಸೆ

ಮೊದಲು ಸ್ಥಳನಿರ್ಣಯ. ಸಿದ್ದಾಪುರಗಳು ಹಲವು. ಉತ್ತರ ಕನ್ನಡದ್ದಕ್ಕೂ ಕೊಡಗಿನದಕ್ಕೂ ಈ ಮಹಾಪ್ರಬಂಧದಲ್ಲಿ ಪ್ರವೇಶವಿಲ್ಲ. ಕುಂದಾಪುರದಿಂದ ಘಾಟಿಯ ಕಡೆ ಹೋಗುವಾಗ ಶಂಕರನಾರಾಯಣ ದಾಟಿದ ಮೇಲೆ, ಹೊಸಂಗಡಿಗೆ ಮೊದಲು ಸಿಗುವ ಸಿದ್ದಾಪುರವೇ ನಮ್ಮ ಕ್ಷೇತ್ರ.

ಬೀಳುವಿಕೆಯ ಶಾಸ್ತ್ರ ಈ ಸೀಮೆಗೆ ಹೊಸದಲ್ಲ. ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ ವಾರಾಹಿಯ ನೀರನ್ನು ಬೀಳಿಸಿಯೇ 460 ಮೆಗಾವಾಟ್ ತೆಗೆಯಬಹುದು. ನೀರು ಬಿದ್ದರೆ ಕರೆಂಟು, ಪೈಂಟಿನವ ಬಿದ್ದರೆ ಪಂಚಾತಿಗೆ.

ಹಂಚಿನ ಮನೆಯ ಕಾಲದಲ್ಲಿ ಪೈಂಟಿನವ ಬೀಳುವ ಸಮಸ್ಯೆ ಇರಲಿಲ್ಲ. ಉದ್ದ ಕೋಲಿಗೆ ಕುಂಚ ಕಟ್ಟಿದರೆ ಸುಣ್ಣ ಮಾಡಿಗೂ ಮುಟ್ಟುತ್ತಿತ್ತು. ಅನಂತರ ಬಂತು ಮಾಳಿಗೆ ಮನೆ. ಅದರೊಳಗೆ, ದಿನವೂ ಕಣ್ಣಿಗೆ ಬೀಳುವ, ಕೈಗೆ ಮಾತ್ರ ಎಂದೂ ಎಟುಕದ ಮೆಟ್ಟಿಲ ಗೋಡೆ. ಮಳೆಗಾಲ ಮುಗಿದು ಮಗಳ ಮದುವೆ ನಿಶ್ಚಯವಾದ ಕೂಡಲೇ ಅದರ ಬೂಸಲು ಎಲ್ಲರಿಗೂ ಕಾಣತೊಡಗುತ್ತದೆ.

ಏಣಿಯ ಕುರಿತು ಭಾರತೀಯ ಮಾನಕ 3696ರ ಎರಡನೆಯ ಭಾಗವೇ ಇದೆ. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕೆಂಬುದು ಲೋಕಮಾನ್ಯ ಸೂತ್ರ. ಆದರೆ ಅದಕ್ಕೆ ಸಮನೆಲ ಬೇಕು. ಮೆಟ್ಟಿಲ ಪಕ್ಕದ ಗೋಡೆಗೆ ಏಣಿ ಒರಗಿಸಿದರೆ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗಿನದರಲ್ಲಿ. ನಡುವೆ ಆರೇಳು ಇಂಚಿನ ಸೈದ್ಧಾಂತಿಕ ಭಿನ್ನಾಭಿಪ್ರಾಯ. ಇದನ್ನು ಪರಿಹರಿಸಲು ಸ್ಥಳೀಯ ಪಂಡಿತರು ಗಿಡ್ಡಕಾಲಿನಡಿಗೆ ಮೊದಲು ಮುರಕಲ್ಲಿನ ಚೂರು, ಅದರ ಮೇಲೆ ಒಡೆದ ಹಂಚು, ಅದೂ ಸಾಲದಿದ್ದರೆ ಹೋದ ವರ್ಷದ ಪಂಚಾಂಗ ಇಡುತ್ತಾರೆ. ರಾಹುಕಾಲವೇ ಕಾಲಡಿಗೆ ಬಂದ ಮೇಲೆ ಭಯವೇಕೆ? 'ಎಂತ ಆತಿಲ್ಲೆ ಮಾರಾಯ್ರೆ' ಎಂಬುದು ಈ ಪಂಥದ ಮಹಾವಾಕ್ಯ.

ಈ ಪಂಥವನ್ನು ಒಪ್ಪದವರು ಅಡಿಕೆ ಕೊನೆಗಾರರು. ಕಾಲಿಗೆ ತಳೆ ಹಾಕಿ ಮರವೇರಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಬಲ್ಲ ಒಬ್ಬರನ್ನು ಮೆಟ್ಟಿಲ ಏಣಿ ಹತ್ತಲು ಕೇಳಿದಾಗ ಬಂದ ಉತ್ತರ ಇದು: 'ಮರಕ್ಕೆ ಬೇರ್ ಇತ್ತ್. ನಿಮ್ಮ ಏಣಿಗೆ ಇತ್ತಾ?' ಖಂಡನೆ ಇನ್ನೂ ಬಂದಿಲ್ಲ.

ಇನ್ನು ಗಣಿತ. ಮೂರು ಮೀಟರ್ ಎತ್ತರದಿಂದ ಜಾರಿದವ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಕೆಳಗಿರುತ್ತಾನೆ; ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್, ಘಾಟಿ ಹತ್ತುವ ಬಸ್ಸಿನಷ್ಟು. ಬಸ್ಸಿಗೆ ಬ್ರೇಕಿದೆ. ಆದರೂ ಗುರುತ್ವವನ್ನು ಮೂಲಕಾರಣ ಎನ್ನಲಾಗದು. ಅದು ಎಲ್ಲ ಊರಿನಲ್ಲೂ ಇದೆ, ಬೆಳಿಗ್ಗೆಯಿಂದ ಸುಮ್ಮನೆ ಕಾದಿರುತ್ತದೆ. ಮೂಲಕಾರಣ ಕೆಳಗೆ ಚಾ ಲೋಟ ಹಿಡಿದು ನಿಂತಿರುವ ಯಜಮಾನರು. 'ಹೋಯ್, ಅಲ್ಲೊಂದ್ ಚೂರ್ ಬಿಟ್ಟಿತ್ ಕಾಣಿ' ಎಂದು ಅವರು ಬೆರಳು ತೋರಿಸುತ್ತಾರೆ. ಇಳಿದು ಏಣಿ ಸರಿಸಬೇಕೆಂದರೆ ಮುರಕಲ್ಲು, ಹಂಚು, ಪಂಚಾಂಗ ಎಲ್ಲವನ್ನೂ ಮತ್ತೆ ಪ್ರತಿಷ್ಠಾಪಿಸಬೇಕು. ಹಾಗಾಗಿ ಪೈಂಟಿನವ ಅಲ್ಲಿಂದಲೇ ಬಾಗುತ್ತಾನೆ. ಹೊಕ್ಕುಳು ಏಣಿಯ ಎರಡು ಕಂಬಗಳ ನಡುವೆ ಇರುವತನಕ ಕ್ಷೇಮ, ಹೊರಗೆ ಹೋಯಿತೋ ಏಣಿಯೂ ಅದರ ಹಿಂದೆಯೇ ಹೊರಡುತ್ತದೆ. ಈ ವಿಷಯದಲ್ಲಿ ಶಾಸ್ತ್ರವೂ ಪೈಂಟಿನವನ ಸೊಂಟವೂ ಏಕಾಭಿಪ್ರಾಯ ಹೊಂದಿವೆ.

ಪರಿಹಾರ ಇಲ್ಲದಿಲ್ಲ. ಬೇರೆಬೇರೆ ಉದ್ದಕ್ಕೆ ಎಳೆದು ಲಾಕ್ ಮಾಡುವ ಕಾಲುಗಳ ಏಣಿ ಬಾಡಿಗೆಗೆ ತರಬಹುದು. ಮೆಟ್ಟಿಲಿಗೆಂದೇ ಸಾರುವೆ ಕಟ್ಟಿಸಿ, ಗಟ್ಟಿ ಹಲಗೆ ಹಾಸಿ, ಅಂಚಿಗೆ ಕೈತಡೆ ಕೊಟ್ಟರೆ ಇನ್ನೂ ಒಳ್ಳೆಯದು. 'ಒಂದು ಗೋಡೆಗೆ ಇಷ್ಟು ಖರ್ಚಾ?' ಎಂಬ ಪೂರ್ವಪಕ್ಷ ಕೂಡಲೇ ಏಳುತ್ತದೆ, ಎತ್ತುವವರು ಮೇಲೆ ಹೇಳಿದ ಯಜಮಾನರೇ.

ಆದ್ದರಿಂದ ಸುರಕ್ಷತೆಯ ಮೊದಲ ಹೆಜ್ಜೆ: ಯಾವ ಕಂಪನಿಯೂ ಮಾಡದ ಬಣ್ಣದ ಹೆಸರೊಂದನ್ನು ಚೀಟಿಯಲ್ಲಿ ಬರೆದುಕೊಟ್ಟು ಯಜಮಾನರನ್ನು ಕುಂದಾಪುರದ ಬಸ್ಸು ಹತ್ತಿಸುವುದು. ಅವರು ಅಂಗಡಿ ಅಂಗಡಿ ವಿಚಾರಿಸಿ ಬರುವಷ್ಟರಲ್ಲಿ ಎರಡನೆಯ ಕೋಟೂ ಒಣಗಿರುತ್ತದೆ. ಮನೆಯಲ್ಲಿ ಉಳಿದ ಭಾವನವರ ಬೆರಳಿನ ವಿಚಾರ ಎರಡನೆಯ ಸಂಪುಟದಲ್ಲಿ.